ಯೋಜನಾ ವೆಚ್ಚ ಎರಡು ಪಟ್ಟು, ಮೂರು ಪಟ್ಟು ಆಗೋದು ಯಾವ ಹಂತದಲ್ಲಿ?

ಬಯಲುಸೀಮೆ_ನೀರು

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ತರೋ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಒಪ್ಪಿಗೆ ಸಿಕ್ಕಾಗ ಮೊತ್ತ 8,323.50 ಕೋಟಿ ರೂಪಾಯಿ. 2014ಕ್ಕೆ 12,912.36 ಕೋಟಿ. 2023ರ ಪರಿಷ್ಕರಣೆಯಲ್ಲಿ 23,251.66 ಕೋಟಿ. ನಮ್ಮ ಮೆಟ್ರೊ ಎರಡನೇ ಹಂತ 2014ರಲ್ಲಿ 26,405 ಕೋಟಿಗೆ ಮಂಜೂರಾಗಿ ಆಮೇಲೆ 30,695 ಕೋಟಿಗೆ ಏರಿತು, ಅಲ್ಲಿಗೂ ನಿಲ್ಲಲಿಲ್ಲ.

ಎಲ್ಲಿ ಕೇಳಿದರೂ "ತಿಂದು ಹಾಕಿದ್ರು" ಅನ್ನೋ ಒಂದೇ ಉತ್ತರ. ಕಮಿಷನ್ ಇಲ್ಲ ಅಂತ ವಾದಿಸೋಕೆ ಬಂದಿಲ್ಲ. ಆದರೆ ಅದೊಂದರಿಂದಲೇ 8 ಸಾವಿರ ಕೋಟಿ 23 ಸಾವಿರ ಕೋಟಿ ಆಗಲ್ಲ. ಅಂದಾಜು ಪಟ್ಟಿ ಮಾಡೋರು, ಬಿಲ್ ನೋಡೋರು, ಬಜೆಟ್ ಓದೋರು ಇಲ್ಲಿದ್ದೀರಿ. ಯಾವ ಬಾಬ್ತಿನಲ್ಲಿ, ಯಾವ ಹಂತದಲ್ಲಿ ಹಣ ಏರುತ್ತೆ ಅಂತ ಬಿಡಿಸಿ ಹೇಳ್ತೀರಾ?

ಅಂದಾಜುಪಟ್ಟಿ

ಪತ್ರಿಕೆಯಲ್ಲಿ ಬರೋ ಮೊದಲ ಮೊತ್ತ ಆಡಳಿತಾತ್ಮಕ ಅನುಮೋದನೆಯದು, ಅದಕ್ಕೆ ಆಧಾರ ಡಿಪಿಆರ್ (ವಿವರವಾದ ಯೋಜನಾ ವರದಿ). ಅದರಲ್ಲಿ ಪ್ರತಿ ಐಟಂಗೂ ಆ ವರ್ಷದ ಎಸ್‌ಆರ್ (ಇಲಾಖೆಯ ಅಧಿಕೃತ ದರಪಟ್ಟಿ) ದರ ಹಾಕಿರ್ತಾರೆ. ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಮುಗಿಯೋ ಹೊತ್ತಿಗೆ ಎರಡು ವರ್ಷ ಕಳೆದರೆ ಎಸ್‌ಆರ್ ಬದಲಾಗಿರುತ್ತೆ. ಇದು ಸಣ್ಣ ಏರಿಕೆ. ದೊಡ್ಡದು ನೆಲದ ಕೆಳಗಿಂದ ಬರುತ್ತೆ.

ಸೇತುವೆಯನ್ನೇ ತಗೊಳ್ಳಿ. ಪ್ರತಿ ಪಿಯರ್ (ನಡುವಿನ ಕಂಬ), ಪ್ರತಿ ಅಬಟ್‌ಮೆಂಟ್ (ತುದಿಯ ಆಧಾರ) ಜಾಗದಲ್ಲೂ ಬೋರ್ ಕೊರೆದು ಮಣ್ಣು, ಬಂಡೆ ನೋಡಬೇಕು. ಡಿಪಿಆರ್ ಕನ್ಸಲ್ಟೆಂಟ್‌ನನ್ನೂ ಅತಿ ಕಡಿಮೆ ದರಕ್ಕೇ ಆರಿಸಿದರೆ ಆತ ಎಂಟು ಕಂಬದ ಸೇತುವೆಗೆ ಎರಡು ಬೋರ್ ಹಾಕಿ ನಡುವಿನದನ್ನು ಊಹೆಯಿಂದ ತುಂಬ್ತಾನೆ. ಪೈಲಿಂಗ್ ರಿಗ್ (ಬುನಾದಿ ಕಂಬಕ್ಕೆ ಕೊರೆಯೋ ಯಂತ್ರ) ಬಂದು ಕೊರೆಯೋಕೆ ಶುರು ಮಾಡಿದಾಗ 12 ಮೀಟರ್‌ಗೆ ಸಿಗಬೇಕಿದ್ದ ಬಂಡೆ 19 ಮೀಟರ್ ಆದರೂ ಸಿಗಲ್ಲ. ಪೈಲ್ ಉದ್ದ ಹೆಚ್ಚುತ್ತೆ, ಕಬ್ಬಿಣ ಹೆಚ್ಚುತ್ತೆ, ಡಿಸೈನ್ ಮತ್ತೆ ಪ್ರೂಫ್ ಚೆಕ್‌ಗೆ (ಬೇರೆ ತಜ್ಞರ ಪರಿಶೀಲನೆಗೆ) ಹೋಗುತ್ತೆ, ಅಲ್ಲಿವರೆಗೆ ರಿಗ್ ಸುಮ್ಮನೆ ನಿಂತಿರುತ್ತೆ. ಬಿಒಕ್ಯೂನಲ್ಲಿ (ಗುತ್ತಿಗೆಯ ಪ್ರಮಾಣ ಪಟ್ಟಿ) ಬರೆದ ಪ್ರಮಾಣಕ್ಕಿಂತ ಶೇ 25ರಷ್ಟು ಮೀರಿದರೆ ಆ ಐಟಂನ ದರವನ್ನೇ ಮರುನಿಗದಿ ಮಾಡೋ ಷರತ್ತು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುತ್ತೆ. ಕೆಲವು ಲಕ್ಷದ ಬೋರ್ ಬಿಟ್ಟಿದ್ದಕ್ಕೆ ಕೋಟಿಗಳಲ್ಲಿ ದುಡ್ಡು ಕಟ್ಟಬೇಕಾಗುತ್ತೆ.

ಊರೊಳಗಿನ ಕೆಲಸಕ್ಕೆ ಯುಟಿಲಿಟಿ ಶಿಫ್ಟಿಂಗ್ (ನೆಲದಡಿಯ ಕೊಳವೆ, ಕೇಬಲ್ ಸ್ಥಳಾಂತರ) ಇನ್ನೊಂದು ಗಂಟು. ಕುಡಿಯೋ ನೀರಿನ ಟ್ರಂಕ್ ಲೈನ್, ಯುಜಿಡಿ (ಒಳಚರಂಡಿ), 66 ಕೆವಿ ಕೇಬಲ್, ಗ್ಯಾಸ್, ಒಎಫ್‌ಸಿ (ಆಪ್ಟಿಕಲ್ ಕೇಬಲ್), ಒಂದೊಂದಕ್ಕೂ ಬೇರೆ ಸಂಸ್ಥೆ. ಪ್ರತಿಯೊಬ್ಬರೂ ತಮ್ಮದೇ ಅಂದಾಜು ಕೊಟ್ಟು, ಠೇವಣಿ ಕಟ್ಟಿಸಿಕೊಂಡು, ತಮ್ಮದೇ ಟೆಂಡರ್ ಕರೀತಾರೆ. ಡಿಪಿಆರ್‌ನಲ್ಲಿ ಇದಕ್ಕೆ "ಇಡಿಗಂಟು" ಅಂತ ಒಂದೇ ಸಾಲು ಇದ್ದರೆ ಆ ಅಂದಾಜನ್ನು ನಂಬಬೇಡಿ. ಟ್ರಯಲ್ ಪಿಟ್ ತೋಡಿ, ರಾಡಾರ್ ಸರ್ವೆ ಮಾಡಿ, ಕೊಳವೆಯ ವ್ಯಾಸ ಮತ್ತು ಆಳ ನಕ್ಷೆಯಲ್ಲಿ ಗುರುತಿಸಿದ್ದರೆ ಮಾತ್ರ ಅದು ಅಂದಾಜು.

ತೆರಿಗೆಯನ್ನೂ ಮರೀಬಾರದು. ಸರ್ಕಾರಿ ಕಾಮಗಾರಿ ಗುತ್ತಿಗೆಗಳ ಮೇಲೆ ಶೇ 12 ಇದ್ದ ಜಿಎಸ್‌ಟಿ 2022ರ ಜುಲೈ 18ರಿಂದ ಬಹುಪಾಲು ಕೆಲಸಗಳಿಗೆ ಶೇ 18 ಆಯ್ತು. 100 ಕೋಟಿ ಕೆಲಸಕ್ಕೆ ಒಂದು ಬುಟ್ಟಿ ಜಲ್ಲಿಯೂ ಹೆಚ್ಚಾಗದೆ 6 ಕೋಟಿ ಏರಿಕೆ.

ಭೂಸ್ವಾಧೀನ_ಶಾಖೆ

ಜಮೀನಿನ ಬಾಬ್ತು ನಾನು ಬಿಡಿಸ್ತೀನಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ.

2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹೀಗೆ: ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಬಂದದ್ದಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸಬೇಕು. ಎಕರೆಗೆ 10 ಲಕ್ಷ ಅಂದರೆ, ಅಂಶ 2 ಇದ್ದಾಗ 20 ಲಕ್ಷ, ಸಾಂತ್ವನ ಧನ 20 ಲಕ್ಷ, ಒಟ್ಟು 40 ಲಕ್ಷ. ಇದರ ಮೇಲೆ ಅಧಿಸೂಚನೆಯಿಂದ ಅವಾರ್ಡ್ (ಪರಿಹಾರ ನಿಗದಿಯ ಆದೇಶ) ವರೆಗೆ ಮಾರುಕಟ್ಟೆ ಬೆಲೆಗೆ ವಾರ್ಷಿಕ ಶೇ 12. ಮರ, ಮನೆ, ಕೊಳವೆಬಾವಿ ಬೇರೆ. ಕಾಯ್ದೆ ಜಾರಿಗೆ ಬಂದಿದ್ದು 2014ರ ಜನವರಿ 1ರಿಂದ. ಅದಕ್ಕೂ ಮುಂಚೆ ಮಾಡಿದ ಯಾವ ಅಂದಾಜಿನ ಜಮೀನು ಬಾಬ್ತೂ ಆಮೇಲೆ ಉಳಿಯೋ ಹಾಗಿರಲಿಲ್ಲ. ಇದನ್ನು ನಾನು ದುಂದು ಅನ್ನಲ್ಲ. ರೈತನಿಗೆ ಸಲ್ಲಬೇಕಾದ್ದು ಮೊದಲಿನ ಲೆಕ್ಕದಲ್ಲಿ ಇರಲೇ ಇಲ್ಲ.

ಗಡುವುಗಳೂ ಬಿಗಿ. ಕಲಂ 11ರ ಪ್ರಾಥಮಿಕ ಅಧಿಸೂಚನೆಯಾದ 12 ತಿಂಗಳೊಳಗೆ ಕಲಂ 19ರ ಘೋಷಣೆ, ಅದಾದ 12 ತಿಂಗಳೊಳಗೆ ಅವಾರ್ಡ್. ಸರ್ಕಾರ ಅವಧಿ ವಿಸ್ತರಿಸದಿದ್ದರೆ ಪ್ರಕ್ರಿಯೆ ಬಿದ್ದುಹೋಗುತ್ತೆ, ಮತ್ತೆ ಹೊಸ ಅಧಿಸೂಚನೆ, ಮತ್ತೆ ಹೊಸ ಮಾರುಕಟ್ಟೆ ಬೆಲೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲೂ 3ಎ (ಸ್ವಾಧೀನದ ಉದ್ದೇಶದ ಅಧಿಸೂಚನೆ) ಆದ ಒಂದು ವರ್ಷದೊಳಗೆ 3ಡಿ (ಸ್ವಾಧೀನದ ಘೋಷಣೆ) ಆಗಬೇಕು. ಸರ್ವೆ ನಂಬರಿನ ಪೋಡಿ (ಅಳೆದು ಭಾಗ ಮಾಡೋದು) ಆಗಿರಲ್ಲ, ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತೆ, ಅಣ್ಣತಮ್ಮಂದಿರ ಪಾಲು ಕೋರ್ಟಿನಲ್ಲಿರುತ್ತೆ. ಪ್ರಕ್ರಿಯೆ ನಿಲ್ಲೋದು ಬಹುತೇಕ ಇಲ್ಲೇ, ಹಣ ಇಲ್ಲದ್ದರಿಂದ ಅಲ್ಲ.

ಎತ್ತಿನಹೊಳೆಯ ಬೈರಗೊಂಡ್ಲು ಜಲಾಶಯ ನೋಡಿ. ಮುಳುಗಡೆ ಜಮೀನು ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕಿಗೆ ಸೇರಿದ್ದು. ಬದು ಒಂದೇ, ಬೆಳೆ ಒಂದೇ. ಆದರೆ ದೊಡ್ಡಬಳ್ಳಾಪುರ ಬೆಂಗಳೂರು ಗ್ರಾಮಾಂತರ ಜಿಲ್ಲೆ, ಅಲ್ಲಿನ ದರ ಹೆಚ್ಚು. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆಯವರು ಒಂದೇ ಜಲಾಶಯಕ್ಕೆ ಒಂದೇ ಪರಿಹಾರ ಕೊಡಿ ಅಂದರು. ಆ ಬೇಡಿಕೆ ಬರುತ್ತೆ ಅಂತ ಜಿಲ್ಲಾ ಗಡಿಯ ನಕ್ಷೆ ಮುಂದಿಟ್ಟುಕೊಂಡಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು. ಅದು ತೀರ್ಮಾನ ಆಗದೆ ವರ್ಷಗಳು ಹೋದವು.

ಬಯಲುಸೀಮೆ_ನೀರು

ಭೂಸ್ವಾಧೀನ ಅವರೇ, ಹಾಗಿದ್ರೆ ಜಮೀನು ಪೂರ್ತಿ ಕೈಗೆ ಬಂದ ಮೇಲೇ ಟೆಂಡರ್ ಕರೀಬೇಕು ಅನ್ನೋ ನಿಯಮ ಸಾಕಲ್ವಾ?

ಭೂಸ್ವಾಧೀನ_ಶಾಖೆ

ಹೆದ್ದಾರಿಯ ಎಚ್‌ಎಎಂ (ಸರ್ಕಾರ, ಖಾಸಗಿ ಕಂಪನಿ ಎರಡೂ ಹಣ ಹಾಕೋ ಮಾದರಿ) ಗುತ್ತಿಗೆಗಳಲ್ಲಿ ಶೇ 80 ಜಮೀನು ಸಿಕ್ಕ ಮೇಲೇ ಅಪಾಯಿಂಟೆಡ್ ಡೇಟ್ (ಕೆಲಸ ಶುರುವಿನ ಅಧಿಕೃತ ದಿನ) ಕೊಡೋ ಪದ್ಧತಿ ಇದೆ. ಒಳ್ಳೇದೇ. ಆದರೆ ಉಳಿದ ಶೇ 20 ಎಲ್ಲಿದೆ ಅನ್ನೋದು ಮುಖ್ಯ. ಅದು ಸಾಮಾನ್ಯವಾಗಿ ರಸ್ತೆಯ ಕೊನೆಯಲ್ಲಿ ಇರಲ್ಲ. ಊರು ಹಾಯೋ ಜಾಗದಲ್ಲಿ, ಸೇತುವೆಯ ಅಪ್ರೋಚ್‌ನಲ್ಲಿ, ದೇವಸ್ಥಾನ ಅಥವಾ ಸ್ಮಶಾನದ ಪಕ್ಕದಲ್ಲಿ ತುಂಡು ತುಂಡಾಗಿ ಇರುತ್ತೆ. 40 ಕಿ.ಮೀ. ರಸ್ತೆಯಲ್ಲಿ 300 ಮೀಟರ್‌ನ ಹತ್ತು ತುಂಡು ಬಾಕಿ ಇದ್ದರೆ ಪೇವರ್ ಯಂತ್ರ ಹತ್ತು ಸಲ ಎತ್ತಿ ಇಳಿಸಬೇಕು, ಸೇತುವೆ ಮುಗಿದರೂ ಹತ್ತಿ ಹೋಗೋಕೆ ದಾರಿ ಇರಲ್ಲ. ಶೇಕಡಾವಾರಿನ ಜೊತೆಗೆ "ಕನಿಷ್ಠ ಇಷ್ಟು ಕಿ.ಮೀ. ನಿರಂತರ ಉದ್ದ, ಎಲ್ಲ ಸೇತುವೆ ಅಪ್ರೋಚ್ ಸೇರಿ" ಅಂತ ಷರತ್ತಿರಬೇಕು.

ಖಜಾನೆ_ಲೆಕ್ಕ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಇವೆರಡನ್ನೂ ಸರಿಪಡಿಸಿದರೂ ವೆಚ್ಚ ಏರುವ ಇನ್ನೊಂದು ದಾರಿ ಇದೆ, ಅದು ಬಜೆಟ್‌ನದು: ವರ್ಷದ ಅನುದಾನಕ್ಕಿಂತ ಹಲವು ಪಟ್ಟು ಕಾಮಗಾರಿಗಳಿಗೆ ಮಂಜೂರಾತಿ ಕೊಡುವುದು. ಎಲ್ಲ ಕ್ಷೇತ್ರಕ್ಕೂ ಶಂಕುಸ್ಥಾಪನೆ ಆಗುತ್ತದೆ, ಯಾವುದಕ್ಕೂ ಸಾಕಷ್ಟು ಹಣ ಹೋಗುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ಇಂದಿನ ದರದಲ್ಲಿ 100 ಕೋಟಿ ಕೆಲಸ, ಸಾಮಗ್ರಿ ಮತ್ತು ಕೂಲಿ ವರ್ಷಕ್ಕೆ ಶೇ 6 ಏರುತ್ತದೆ ಎಂದಿಟ್ಟುಕೊಳ್ಳಿ. ಎರಡು ವರ್ಷದಲ್ಲಿ ಅರ್ಧರ್ಧ ಮಾಡಿದರೆ 50 ಮತ್ತು 53, ಒಟ್ಟು 103 ಕೋಟಿ. ಅದೇ ಕೆಲಸವನ್ನು ಎಂಟು ವರ್ಷಕ್ಕೆ ಸಮನಾಗಿ ಹರಡಿದರೆ ಸುಮಾರು 124 ಕೋಟಿ. 21 ಕೋಟಿ ಬರೀ ಕಾಯುವುದಕ್ಕೆ. ಇದಕ್ಕಿಂತ ದೊಡ್ಡ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಆ ರಸ್ತೆಯಿಂದ ಜನರಿಗೆ ವರ್ಷಕ್ಕೆ 15 ಕೋಟಿಯಷ್ಟು ಸಮಯ, ಡೀಸೆಲ್ ಉಳಿಯುವುದಿದ್ದರೆ, ಆರು ವರ್ಷ ತಡವಾದದ್ದಕ್ಕೆ 90 ಕೋಟಿ ಹೋಯಿತು. ಯಾವ ಬಿಲ್ಲಿನಲ್ಲೂ ಕಾಣದ ಕಾರಣ ಯಾರೂ ಕೇಳುವುದಿಲ್ಲ. ಹತ್ತು ಕೆಲಸ ಎಂಟು ವರ್ಷ ಎಳೆಯುವುದಕ್ಕಿಂತ, ಅದೇ ವಾರ್ಷಿಕ ಹಣದಲ್ಲಿ ಎರಡೆರಡೂವರೆ ಕೆಲಸ ಕೈಗೆತ್ತಿಕೊಂಡು ಎರಡು ವರ್ಷಕ್ಕೆ ಮುಗಿಸುತ್ತಾ ಹೋದರೆ ಎಂಟು ವರ್ಷದಲ್ಲಿ ಹತ್ತೂ ಮುಗಿದಿರುತ್ತವೆ, ಮೊದಲಿನವು ಆರು ವರ್ಷ ಮುಂಚೆಯೇ ಬಳಕೆಗೆ ಬಂದಿರುತ್ತವೆ.

ಕ್ಲಾಸ್ ಒನ್ ಗುತ್ತಿಗೆ

ಖಜಾನೆ ಸರ್ ಹೇಳಿದ್ದಕ್ಕೆ ಗುತ್ತಿಗೆದಾರರ ಕಡೆಯ ಲೆಕ್ಕ ಸೇರಿಸ್ತೀನಿ. ಆರ್‌ಎ ಬಿಲ್ (ಮಾಡಿದಷ್ಟು ಕೆಲಸದ ಬಿಲ್) ಪಾಸಾಗಿ ಎಲ್‌ಒಸಿ (ಹಣ ಬಿಡುಗಡೆಯ ಪತ್ರ) ಬರೋದು ಒಂದೂವರೆ ವರ್ಷ ತಡ ಆಗುತ್ತೆ ಅಂತ ಗೊತ್ತಿದ್ದರೆ, ಶೇ 12 ಬಡ್ಡಿಗೆ ಓವರ್‌ಡ್ರಾಫ್ಟ್ ಸಾಲ ತಂದವನು ಟೆಂಡರ್‌ನಲ್ಲೇ ಶೇ 18 ಸೇರಿಸಿಬಿಡ್ತಾನೆ. ಸೇರಿಸದೆ ಕಡಿಮೆಗೆ ಹಾಕಿದವನು ಎಲ್1 (ಅತಿ ಕಡಿಮೆ ದರದವನು) ಆಗಿ ಕೆಲಸ ಹಿಡಿದು, ಅರ್ಧಕ್ಕೆ ನಿಲ್ಲಿಸ್ತಾನೆ ಅಥವಾ ಕಾಣದ ಕಡೆ ಕೊಯ್ತಾನೆ. ಜಿಎಸ್‌ಬಿ (ರಸ್ತೆಯ ಬುಡದ ಜಲ್ಲಿ) ಪದರ 200 ಮಿ.ಮೀ. ಇರಬೇಕಾದಲ್ಲಿ 150, ಕಾಂಕ್ರೀಟ್ ಕ್ಯೂರಿಂಗ್ 14 ದಿನದ ಬದಲು 5 ದಿನ.

ಬೆಲೆ ಹೊಂದಾಣಿಕೆ ಷರತ್ತಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಸಾಮಾನ್ಯವಾಗಿ ಬಳಸೋ ಸೂತ್ರದಲ್ಲಿ ಮೊದಲೇ 0.85 ಗುಣಕ ಇರುತ್ತೆ. ಸಿಮೆಂಟ್, ಸ್ಟೀಲ್, ಬಿಟುಮೆನ್, ಡೀಸೆಲ್, ಕೂಲಿ ಪ್ರತಿಯೊಂದರ ಸೂಚ್ಯಂಕ ಏರಿದ್ದರಲ್ಲಿ ಶೇ 85 ಮಾತ್ರ ಸಿಗೋದು. ಸೂಚ್ಯಂಕ ಇಳಿದರೆ ವಾಪಸ್ ಕಡಿತವೂ ಆಗುತ್ತೆ. ಈ ಷರತ್ತನ್ನೇ ಟೆಂಡರ್‌ನಿಂದ ತೆಗೆದುಹಾಕಿದರೆ ಸರ್ಕಾರಕ್ಕೆ ಉಳಿತಾಯ ಅಲ್ಲ. ಎಲ್ಲರೂ ಮುಂದಿನ ಏರಿಕೆಯನ್ನು ಊಹಿಸಿ ದರ ಹಾಕ್ತಾರೆ, ಏರದಿದ್ದರೂ ಅದನ್ನು ಸರ್ಕಾರವೇ ಕೊಡಬೇಕು.

ಮಲ್ಲೇಶ್ವರ_ಓದುಗಿ

ಸರ್ಕಾರದ ಹತ್ತಿರ ಹಣ ಸಾಲದು ಅಂದರೆ ಖಾಸಗಿಯವರಿಂದ ಕಟ್ಟಿಸಬಹುದಲ್ಲ? ಎಚ್‌ಎಎಂ ಅಂದರೆ "ಸರ್ಕಾರ ಶೇ 40 ಮಾತ್ರ ಹಾಕುತ್ತೆ" ಅಂತ ಓದಿದ್ದೇನೆ. ಬೆಂಗಳೂರು–ಮೈಸೂರು ಹೆದ್ದಾರಿಯೂ ಅದೇ ಮಾದರಿ ಅಲ್ಲವೇ?

ಖಜಾನೆ_ಲೆಕ್ಕ

ಹೌದು ಮೇಡಂ, ಅದೇ ಮಾದರಿ. ಆದರೆ "ಶೇ 40 ಮಾತ್ರ" ಎನ್ನುವುದು ಅರ್ಧ ಮಾತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಮಾದರಿಯಲ್ಲಿ ಕೆಲಸ ನಡೆಯುವಾಗ ಶೇ 40 ಕೊಡುತ್ತಾರೆ. ಉಳಿದ ಶೇ 60ನ್ನು ಕಂಪನಿ ಸ್ವಂತ ಬಂಡವಾಳ ಮತ್ತು ಬ್ಯಾಂಕ್ ಸಾಲದಿಂದ ಹಾಕುತ್ತದೆ, ಹೆದ್ದಾರಿ ಪ್ರಾಧಿಕಾರ ಅದನ್ನು 15 ವರ್ಷ, ಆರು ತಿಂಗಳಿಗೊಂದು ಕಂತಿನಂತೆ, ಬಡ್ಡಿ ಸಮೇತ ತೀರಿಸುತ್ತದೆ. ಟೋಲ್ ಪ್ರಾಧಿಕಾರಕ್ಕೆ ಹೋಗುತ್ತದೆ, ಹಾಗಾಗಿ ವಾಹನ ಕಡಿಮೆಯಾದರೆ ನಷ್ಟವೂ ಅದರದೇ.

1,000 ಕೋಟಿಯ ರಸ್ತೆ ಇಟ್ಟುಕೊಳ್ಳಿ. 400 ಕೋಟಿ ಮೊದಲೇ ಹೋಯಿತು. ಉಳಿದ 600 ಕೋಟಿಯ ಅಸಲನ್ನು 30 ಸಮ ಕಂತುಗಳಲ್ಲಿ ಶೇ 9ರ ಬಡ್ಡಿಗೆ ತೀರಿಸಿದರೆ ಬಡ್ಡಿಯೇ ಸುಮಾರು 418 ಕೋಟಿ. ನಿಜವಾದ ಒಪ್ಪಂದದಲ್ಲಿ ಕಂತುಗಳು ಸಮನಾಗಿರುವುದಿಲ್ಲ, ಬಡ್ಡಿ ದರವೂ ಏರಿಳಿಯುತ್ತದೆ. ಆದರೆ ಅಂದಾಜಿಗೆ ಇದು ಸಾಕು. ಸರ್ಕಾರವೇ ಶೇ 7ಕ್ಕೆ ಸಾಲ ಎತ್ತಿದ್ದರೆ ಬಡ್ಡಿ 325 ಕೋಟಿ ಆಗುತ್ತಿತ್ತು. ವ್ಯತ್ಯಾಸ 93 ಕೋಟಿ. ಆ 93 ಕೋಟಿಗೆ ನಮಗೆ ಸಿಗುವುದೇನು? ಗಡುವಿನೊಳಗೆ ಕಟ್ಟುವ ಹೊಣೆ, 15 ವರ್ಷ ನಿರ್ವಹಿಸುವ ಹೊಣೆ ಕಂಪನಿಯ ಮೇಲೆ. ಕೆಟ್ಟ ರಸ್ತೆ ಕಟ್ಟಿದರೆ ಅವರೇ ರಿಪೇರಿ ಮಾಡಬೇಕು. ಆ ಹೊಣೆಯನ್ನು ಪ್ರಾಧಿಕಾರ ಬಿಡದೆ ವಸೂಲಿ ಮಾಡಿದರೆ ಬೆಲೆ ನ್ಯಾಯವಾದದ್ದು. ಜಮೀನು ಕೊಡದೆ ತಾನೇ ಗಡುವು ವಿಸ್ತರಿಸುತ್ತಾ ಹೋದರೆ 93 ಕೋಟಿ ವ್ಯರ್ಥ.

ಪೂರ್ತಿ ಖಾಸಗಿ ಹೊಣೆಯ ಮಾದರಿಯೂ ನಡೆದಿದೆ. ಹೈದರಾಬಾದ್ ಮೆಟ್ರೊದ 69 ಕಿ.ಮೀ. ಎಲ್ ಅಂಡ್ ಟಿ ಕಟ್ಟಿತು, ಕೇಂದ್ರದಿಂದ 1,458 ಕೋಟಿ ವಿಜಿಎಫ್ (ಕೊರತೆ ತುಂಬುವ ಅನುದಾನ) ಗೊತ್ತಾಗಿತ್ತು. ಸಾಲದ ಭಾರ ತಾಳದೆ 2025ರಲ್ಲಿ ಅದನ್ನು ತೆಲಂಗಾಣ ಸರ್ಕಾರವೇ ವಹಿಸಿಕೊಳ್ಳುವ ಒಪ್ಪಂದಕ್ಕೆ ಬಂತು. ಜನ ದಿನಾ ಬಳಸುವ ಸೌಕರ್ಯವನ್ನು ಮುಚ್ಚಲಾಗುವುದಿಲ್ಲ, ಆದ್ದರಿಂದ ಕೊನೆಯ ಜವಾಬ್ದಾರಿ ಯಾವತ್ತೂ ಸರ್ಕಾರದ್ದೇ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಬಜೆಟ್ ದಾಖಲೆಯಲ್ಲಿ ಸಂಭಾವ್ಯ ಹೊಣೆ ಎಂದು ಬರೆಯಬೇಕು.

ತುಂಗಾ_ಸೇತು

ಎಲ್ಲರೂ ವೆಚ್ಚದ ಬಗ್ಗೆಯೇ ಮಾತಾಡ್ತಿದ್ದೀರಿ, ಲಾಭದ ಕಡೆ ಯಾರೂ ಬಂದಿಲ್ಲ. ಬಂಡವಾಳ ವೆಚ್ಚದ ಗುಣಕ (ಒಂದು ರೂಪಾಯಿ ವೆಚ್ಚಕ್ಕೆ ಆರ್ಥಿಕತೆ ಬೆಳೆಯೋ ಮೊತ್ತ) 2.45 ಅಂತ ಎನ್‌ಐಪಿಎಫ್‌ಪಿ (ಸಾರ್ವಜನಿಕ ಹಣಕಾಸು ಸಂಶೋಧನಾ ಸಂಸ್ಥೆ) ಅಧ್ಯಯನದ ಅಂಕಿಯನ್ನು ಎಲ್ಲ ಭಾಷಣದಲ್ಲೂ ಹೇಳ್ತಾರೆ. ಅದು ದೇಶದ ಒಟ್ಟು ವೆಚ್ಚಕ್ಕೆ. ಯಾರೂ ಓಡಾಡದ ಕಡೆ ಕಟ್ಟಿದ ಸೇತುವೆಗೂ 2.45 ಬರುತ್ತೆ ಅಂತ ಅರ್ಥ ಅಲ್ಲ.

ಒಂದೊಂದು ಯೋಜನೆಗೆ ನೋಡಬೇಕಾದದ್ದು ಇಐಆರ್‌ಆರ್ (ಹಾಕಿದ ಹಣಕ್ಕೆ ಸಮಾಜಕ್ಕೆ ಸಿಗೋ ಲಾಭದ ವಾರ್ಷಿಕ ದರ). 2017ರ ಮೆಟ್ರೊ ನೀತಿ ಶೇ 14 ಇರಬೇಕು ಅನ್ನುತ್ತೆ. ಆ ಶೇ 14ನ್ನು ಕಾಗದದ ಮೇಲೆ ತರೋದು ಕಷ್ಟ ಇಲ್ಲ. ಪ್ರಯಾಣಿಕರ ಬೆಳವಣಿಗೆ ದರವನ್ನು ಶೇಕಡಾ ಒಂದೂವರೆ ಅಂಶ ಹೆಚ್ಚಿಸಿ, ಉಳಿಯೋ ಸಮಯದ ಬೆಲೆ ಹೆಚ್ಚಿಸಿ, ಒಂದು ವರ್ಷ ಮುಂಚೆಯೇ ಮುಗಿಯುತ್ತೆ ಅಂತ ತೋರಿಸಿ, ಬಂದುಬಿಡುತ್ತೆ. ಡಿಪಿಆರ್ ಕೈಗೆ ಸಿಕ್ಕರೆ ಮೊದಲು ಸೆನ್ಸಿಟಿವಿಟಿ ಕೋಷ್ಟಕ ತೆಗೀರಿ. ವೆಚ್ಚ ಶೇ 20 ಹೆಚ್ಚಿ, ಲಾಭ ಶೇ 20 ಕಡಿಮೆಯಾದಾಗ, ಎರಡೂ ಒಟ್ಟಿಗೆ ಆದಾಗ ಎಷ್ಟು ಉಳಿಯುತ್ತೆ ನೋಡಿ. ಒಟ್ಟಿಗೆ ಆದ ಸಾಲೇ ಇಲ್ಲದಿದ್ದರೆ ನೀವೇ ಲೆಕ್ಕ ಹಾಕಿ. ವಾಹನ ಎಣಿಕೆ ಏಳು ದಿನ ಹಗಲೂ ರಾತ್ರಿ ಮಾಡಿದ್ದೋ, ಯಾವ ತಿಂಗಳಲ್ಲಿ ಮಾಡಿದ್ದೋ ಅನ್ನೋದನ್ನೂ ನೋಡಿ. ಕಬ್ಬು ಕಟಾವಿನ ವಾರದಲ್ಲಿ ಮಂಡ್ಯ ಕಡೆ ಎಣಿಸಿದ ಸಂಖ್ಯೆ ವರ್ಷದ ಸರಾಸರಿ ಆಗಲ್ಲ.

ಎತ್ತಿನಹೊಳೆಗೆ ಇದನ್ನೇ ಹಚ್ಚಿ. ಯೋಜನೆಯ ಲೆಕ್ಕ 24.01 ಟಿಎಂಸಿ: ಕುಡಿಯೋಕೆ 14.056, ಕೆರೆ ತುಂಬಿಸೋಕೆ 9.953. 23,251 ಕೋಟಿಯನ್ನು ಭಾಗಿಸಿದರೆ ಟಿಎಂಸಿಗೆ ಸುಮಾರು 968 ಕೋಟಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಆ ಹಳ್ಳಗಳ ಇಳುವರಿ 9.55 ಟಿಎಂಸಿ ಅಂದಿತ್ತು. ಅದೇ ನಿಜವಾದರೆ ಟಿಎಂಸಿಗೆ 2,435 ಕೋಟಿ. ವೆಚ್ಚ ಮೂರು ಪಟ್ಟು ಆಗಿದ್ದನ್ನು ಎಲ್ಲರೂ ನೋಡಿದ್ದೇವೆ. ಛೇದದಲ್ಲಿರೋ ನೀರಿನ ಅಂಕಿ ಅರ್ಧಕ್ಕಿಂತ ಕೆಳಗಿಳಿದರೆ ಆಗೋ ಪರಿಣಾಮವೂ ಅಷ್ಟೇ ದೊಡ್ಡದು. ಇದನ್ನು ಬಗೆಹರಿಸೋಕೆ ಬೇಕಾಗಿದ್ದದ್ದು ಹಳ್ಳಗಳ ಮೇಲೆ ಕೆಲವು ವರ್ಷ ಮಾಪನ ಕೇಂದ್ರ ಇಟ್ಟು ಹರಿವು ಅಳೆಯೋದು, ಟೆಂಡರ್‌ಗೂ ಮೊದಲು.

ಬಯಲುಸೀಮೆ_ನೀರು

ತುಂಗಾ ಅವರೇ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರೇ ಬರೋದು. ಇಳುವರಿ ಅಳೀತಾ ಕೂತರೆ ಅಲ್ಲಿಯ ಜನ ಏನು ಕುಡೀಬೇಕು? ಲಾಭ ಲೆಕ್ಕ ಹಾಕುವಾಗ ಅದನ್ನೂ ಹಾಕಿ.

ತುಂಗಾ_ಸೇತು

ಖಂಡಿತ ಹಾಕಬೇಕು, ಅದರ ಬೆಲೆ ದೊಡ್ಡದೇ. ಅದಕ್ಕಾಗಿಯೇ ಅಳತೆ ಬೇಕು ಅಂತಿರೋದು. ಕುಡಿಯೋ ನೀರಿನ 14 ಟಿಎಂಸಿ ಖಚಿತ ಇದೆಯೋ ಇಲ್ಲವೋ ಗೊತ್ತಿದ್ದರೆ, ಬಂದ ನೀರಿನಲ್ಲಿ ಮೊದಲ ಹಕ್ಕು ಕೊನೆಯ ತುದಿಯ ಕೋಲಾರಕ್ಕೆ ಅಂತ ಬರೆದು ಕೊಡಬಹುದು. ಗೊತ್ತಿಲ್ಲದಿದ್ದರೆ ಕಾಲುವೆಯ ತಲೆ ಭಾಗದವರೇ ಮೊದಲು ಎತ್ತಿಕೊಳ್ತಾರೆ.

ಅಂದಾಜುಪಟ್ಟಿ

ನಿರ್ವಹಣೆಯ ವಿಷಯ ಯಾರೂ ಎತ್ತಿಲ್ಲ, ನಾನೇ ಹೇಳಿಬಿಡ್ತೀನಿ. ಹೊಸ ರಸ್ತೆ ಬಂಡವಾಳ ವೆಚ್ಚ. ಇದ್ದ ರಸ್ತೆಯ ಗುಂಡಿ ಮುಚ್ಚೋದು, ಚರಂಡಿ ತೆಗೆಯೋದು ರಾಜಸ್ವ ವೆಚ್ಚ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜಸ್ವ ಕೊರತೆ ಇರಬಾರದು ಅನ್ನುತ್ತೆ. ಕೇಂದ್ರ ರಾಜ್ಯಗಳಿಗೆ ಕೊಡೋ 50 ವರ್ಷದ ಬಡ್ಡಿರಹಿತ ಸಾಲ ಬಂಡವಾಳ ವೆಚ್ಚಕ್ಕೆ ಮಾತ್ರ. ಹಾಗಾಗಿ ಕೈ ಬಿಗಿಯಾದಾಗ ಮೊದಲು ಕಡಿತ ಆಗೋದು ಚರಂಡಿಯ ದುಡ್ಡು.

ಅದರ ಪರಿಣಾಮ ರಸ್ತೆ ಅಂಚಿನಲ್ಲೇ ಕಾಣುತ್ತೆ. ಡಾಂಬರಿನ ಕೆಳಗಿರೋ ಜಿಎಸ್‌ಬಿ ಪದರದ ಒಂದು ಕೆಲಸ ಒಳಗೆ ಇಳಿದ ನೀರನ್ನು ಪಕ್ಕಕ್ಕೆ ಹರಿಸೋದು. ಅದನ್ನು ದಿಬ್ಬದ ಇಳಿಜಾರಿನವರೆಗೂ ಎಳೆಯಬೇಕು. ಶೋಲ್ಡರ್‌ಗೆ (ರಸ್ತೆ ಪಕ್ಕದ ಅಂಚಿಗೆ) ಮಣ್ಣು ತುಂಬಿ ಅದರ ಬಾಯಿ ಮುಚ್ಚಿದರೆ, ಅಥವಾ ಚರಂಡಿ ಹೂಳು ತುಂಬಿ ಆ ಮಟ್ಟಕ್ಕೆ ನೀರು ನಿಂತರೆ, ಪದರ ನೀರಲ್ಲಿ ನೆನೀತಾ ಇರುತ್ತೆ. ಲಾರಿ ಚಕ್ರ ಹೋದಾಗ ಕೆಳಗಿನ ಮಣ್ಣು ಕೆಸರಾಗಿ ಮೇಲಕ್ಕೆ ಬರುತ್ತೆ. ಮೊದಲು ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದಂಥ ಬಿರುಕು, ಮುಂದಿನ ಮಳೆಗೆ ಗುಂಡಿ. ಆ ಹಂತದಲ್ಲಿ ಮೇಲೆ 30 ಮಿ.ಮೀ. ಡಾಂಬರು ಹಾಕೋದು ದಂಡ, ಬುಡದಿಂದ ಅಗೆದು ಮಾಡಬೇಕು. ಆಗ ಅದು "ಅಭಿವೃದ್ಧಿ ಕಾಮಗಾರಿ" ಆಗಿ ಬಂಡವಾಳ ವೆಚ್ಚಕ್ಕೆ ಸೇರುತ್ತೆ.

ಪಿಎಂಜಿಎಸ್‌ವೈ (ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ) ರಸ್ತೆಗಳಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆಯೊಳಗೇ ಇದೆ, ಹಣ ರಾಜ್ಯದ್ದು. ರಾಜ್ಯ, ಜಿಲ್ಲಾ ಮುಖ್ಯರಸ್ತೆಗಳ ಪ್ರತಿ ಹೊಸ ಗುತ್ತಿಗೆಯಲ್ಲೂ ಅದೇ ಥರ ನಿರ್ವಹಣಾ ಮೊತ್ತಕ್ಕೂ ಟೆಂಡರ್ ಹಂತದಲ್ಲೇ ದರ ಪಡೆದು, ಆ ಹಣ ಬೇರೆಡೆಗೆ ತಿರುಗಿಸಲಾಗದಂತೆ ಠೇವಣಿ ಇಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಲ್ಲೇಶ್ವರ_ಓದುಗಿ

ತುಂಬಾ ಉಪಯೋಗ ಆಯ್ತು. ನಮ್ಮ ಕಡೆಯ ಒಂದು ತಡವಾದ ಮೇಲ್ಸೇತುವೆಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು ಅಂದ್ಕೊಂಡಿದ್ದೇನೆ. ಯಾವ ದಾಖಲೆ ಕೇಳಿದರೆ ನಿಜವಾದ ಕಾರಣ ಸಿಗುತ್ತೆ?

ಕ್ಲಾಸ್ ಒನ್ ಗುತ್ತಿಗೆ

ಹಿಂಡ್ರೆನ್ಸ್ ರಿಜಿಸ್ಟರ್ ಕೇಳಿ ಮೇಡಂ. ಯಾವ ತಾರೀಖಿಂದ ಯಾವ ತಾರೀಖಿನವರೆಗೆ, ಯಾವ ಚೈನೇಜ್‌ನಲ್ಲಿ (ಆರಂಭದಿಂದ ಎಷ್ಟು ದೂರದಲ್ಲಿ), ಯಾಕೆ ಕೆಲಸ ನಿಂತಿತ್ತು ಅಂತ ಸೈಟಿನಲ್ಲೇ ಬರೆದು ಇಂಜಿನಿಯರ್, ಗುತ್ತಿಗೆದಾರ ಇಬ್ಬರೂ ಸಹಿ ಹಾಕಿರ್ತಾರೆ. ಜೊತೆಗೆ ಅವಧಿ ವಿಸ್ತರಣೆಯ ಆದೇಶಗಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ರಿಜಿಸ್ಟರ್‌ನಲ್ಲಿ 90 ದಿನದ ಅಡಚಣೆ ಇದ್ದು ವಿಸ್ತರಣೆ 400 ದಿನ ಕೊಟ್ಟಿದ್ದರೆ, ಅಥವಾ ದಂಡ ವಿಧಿಸದೆ ಕೊಟ್ಟಿದ್ದರೆ, ಅದರ ಕಾರಣ ಕೇಳೋಕೆ ಆಧಾರ ಸಿಕ್ಕಿತು.

ಭೂಸ್ವಾಧೀನ_ಶಾಖೆ

ರಿಜಿಸ್ಟರ್ ಜೊತೆ ವೇರಿಯೇಷನ್ (ಕೆಲಸದ ಬದಲಾವಣೆ) ಆದೇಶಗಳ ಪಟ್ಟಿ, ಯುಟಿಲಿಟಿ ಠೇವಣಿ ಕಟ್ಟಿದ ದಿನಾಂಕಗಳೂ ಬೇಕಾಗುತ್ತವೆ. ಆದರೆ ಒಂದೇ ಅರ್ಜಿಯಲ್ಲಿ ಎಲ್ಲ ಕೇಳಬೇಡಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು; ಮೀರಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ. ನಮೂನೆ ಎ, 10 ರೂಪಾಯಿ ಶುಲ್ಕ. ಮೊದಲ ಅರ್ಜಿ ರಿಜಿಸ್ಟರ್ ಮತ್ತು ವಿಸ್ತರಣೆ ಆದೇಶಕ್ಕೆ, ಎರಡನೆಯದು ವೇರಿಯೇಷನ್‌ಗೆ, ಮೂರನೆಯದನ್ನು ಠೇವಣಿ ಕಟ್ಟಿಸಿಕೊಂಡ ಸಂಸ್ಥೆಗೇ ಕಳಿಸಿ. ಗುತ್ತಿಗೆಯ ಒಪ್ಪಂದ ಸಂಖ್ಯೆ ಗೊತ್ತಿದ್ದರೆ ಬರೆಯಿರಿ. ಅದು ಗೊತ್ತಿಲ್ಲದಿದ್ದರೆ ಕೆಪಿಪಿಪಿ (ರಾಜ್ಯದ ಟೆಂಡರ್) ಪೋರ್ಟಲ್‌ನಲ್ಲಿ ಕಾಮಗಾರಿಯ ಹೆಸರು ಹಾಕಿ ಟೆಂಡರ್ ಸಂಖ್ಯೆ ಹುಡುಕಿ, ಅದನ್ನೇ ಬರೆದರೂ ಸಾಕು.